ಚಕ್ರದ ಮನೆಯಲ್ಲಿದ್ದು ಮಾಡಿದ ಗೋದಾಮಿನ ಕೆಲಸ: ಹನ್ನೊಂದು ವಾರದ ಲೆಕ್ಕ

2024ರ ಅಕ್ಟೋಬರ್ 7ರಿಂದ ಡಿಸೆಂಬರ್ 19ರವರೆಗೆ ನಾನೂ ನಮ್ಮ ಯಜಮಾನರೂ ಅಮೆರಿಕದ ನೆವಾಡಾ ರಾಜ್ಯದಲ್ಲಿ, ರೀನೋ ನಗರದ ಪೂರ್ವಕ್ಕೆ ಐ-80 ಹೆದ್ದಾರಿಯ ಆಸುಪಾಸಿನ ಒಂದು ಗೋದಾಮಿನಲ್ಲಿ ಹಂಗಾಮಿನ ಕೆಲಸ ಮಾಡಿದೆವು. ವಾಸ ನಮ್ಮದೇ 25 ಅಡಿ ಉದ್ದದ ಟ್ರೇಲರಿನಲ್ಲಿ. ಆರ್‌ವಿ (ಒಳಗೇ ವಾಸಕ್ಕೆ ಅನುವಿರುವ ಗಾಡಿ), ವ್ಯಾನು, ಟ್ರೇಲರುಗಳನ್ನೇ ಮನೆ ಮಾಡಿಕೊಂಡವರನ್ನು ಕ್ರಿಸ್‌ಮಸ್ ಹಬ್ಬದ ವ್ಯಾಪಾರದ ಕಾಲಕ್ಕೆ ಕರೆಸಿ, ಗಾಡಿ ನಿಲ್ಲಿಸುವ ಜಾಗಕ್ಕೆ ಭತ್ಯೆ ಕೊಟ್ಟು, ಸಾಮಾನು ಆಯುವ, ಜೋಡಿಸುವ, ಕಟ್ಟುವ ಕೆಲಸ ಕೊಡುವುದು ಇಲ್ಲಿನ ಒಂದು ರೂಢಿ. ಗೋದಾಮಿನ ಹೆಸರನ್ನೂ ನಮ್ಮನ್ನು ಅಲ್ಲಿಗೆ ಸೇರಿಸಿದ ಏಜೆನ್ಸಿಯ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಈ ಬಗೆಯ ಕೆಲಸವನ್ನು ಒಂದು ಸೇವೆಯೆಂದೇ ಎಣಿಸಿ, ನಾವು ಕೊಟ್ಟದ್ದೇನು, ಪಡೆದದ್ದೇನು ಎಂಬುದನ್ನಷ್ಟೇ ತೂಗಿ ನೋಡುತ್ತೇನೆ. ಐದರಲ್ಲಿ ಎಷ್ಟು ಅಂಕ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಎರಡೂವರೆ. ಆ ಅರ್ಧ ಅಂಕ ನಮ್ಮ ಅಕ್ಕಪಕ್ಕದ ಟ್ರೇಲರಿನವರಿಗಾಗಿ ಸೇರಿದ್ದು, ಗೋದಾಮಿಗಾಗಿ ಅಲ್ಲ.

ನಾವು ಹೋದ ಕಾರಣವನ್ನು ಮೊದಲು ಹೇಳಬೇಕು, ಏಕೆಂದರೆ ಕಾರಣ ಬೇರೆಯಾದರೆ ಈ ವಿಮರ್ಶೆಯೂ ಬೇರೆಯಾಗುತ್ತದೆ. ನಾನು ಈ ದೇಶಕ್ಕೆ ಬಂದದ್ದು, ನೌಕರಿಯ ವೀಸಾದಲ್ಲಿರುವವರ ಮನೆಯವರಿಗೆ ಕೊಡುವ ಎಚ್-4 ವೀಸಾದ ಮೇಲೆ. ಆ ವೀಸಾದ ಕೆಲವು ಸಂಗಾತಿಗಳಿಗೆ ದುಡಿಯುವ ಪರವಾನಗಿ ಸಿಗತೊಡಗಿದ್ದೇ 2015ರ ಮೇ ತಿಂಗಳ ಕೊನೆಯಿಂದ. ಅಲ್ಲಿಯವರೆಗೆ ಮನೆಯಲ್ಲೇ ಕುಳಿತಿದ್ದೆ. ಆಮೇಲೆ ಸುಮಾರು ಒಂಬತ್ತು ವರ್ಷ ಒಂದು ಮಕ್ಕಳ ಪಾಲನಾ ಕೇಂದ್ರದಲ್ಲಿ ದುಡಿದು, 2023ರ ಕೊನೆಗೆ ಬಿಟ್ಟಾಗ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿ ಖಾತೆಯಲ್ಲಿ 36 ಕ್ರೆಡಿಟ್ ಸೇರಿದ್ದವು. ಸ್ವಂತ ದುಡಿಮೆಯ ಮೇಲೆ ಪಿಂಚಣಿ ಸಿಗಬೇಕಾದರೆ 40 ಬೇಕು. 2024ರಲ್ಲಿ ಒಂದು ಕ್ರೆಡಿಟ್‌ಗೆ 1,730 ಡಾಲರ್ ಸಂಪಾದನೆ ಸಾಕಿತ್ತು, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಿಗುವುದಿಲ್ಲ. ಅಂದರೆ 6,920 ಡಾಲರನ್ನು ಯಾವ ತಿಂಗಳಲ್ಲಿ ಗಳಿಸಿದರೂ ನಾಲ್ಕೂ ಕ್ರೆಡಿಟ್ ಒಟ್ಟಿಗೇ ಬರುತ್ತವೆ. ಗಂಡನ ಖಾತೆಯಿಂದ ಹೆಂಡತಿಗೆ ಬರುವ ಪಾಲು ಹೇಗೂ ಇದೆ, ಸುಮ್ಮನೆ ಯಾಕೆ ಮೈ ದಣಿಸಿಕೊಳ್ಳುತ್ತೀಯ ಎಂದು ಯಜಮಾನರು ಹೇಳಿದ್ದುಂಟು. ನನ್ನ ಹೆಸರಿನಲ್ಲೇ ಒಂದು ಬರಲಿ ಎಂಬುದು ನನ್ನ ಹಟ. ಮೈಸೂರಿನಿಂದ ನನ್ನ ಅಕ್ಕ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಏನೇ, ಅಮೆರಿಕಾದಲ್ಲಿದ್ದುಕೊಂಡು ಮೂಟೆ ಹೊರ್ತೀಯಾ?"

ಮೂಟೆ ಹೊರುವ ಈ ಪದ್ಧತಿ ನಮ್ಮಿಂದ ಶುರುವಾದದ್ದಲ್ಲ. ಊರೂರು ತಿರುಗುತ್ತ ಕ್ಯಾಂಪಿನಲ್ಲಿದ್ದು ದುಡಿಯುವವರನ್ನು ಇಲ್ಲಿ ವರ್ಕ್ಯಾಂಪರ್ ಎನ್ನುತ್ತಾರೆ, ಆ ಪದ 1980ರ ದಶಕದಿಂದ ಬಳಕೆಯಲ್ಲಿದೆ. ಗೋದಾಮುಗಳ ಮಟ್ಟಿಗೆ ಇದನ್ನು ದೊಡ್ಡದಾಗಿ ನಡೆಸಿದ್ದು ಅಮೆಜಾನ್. ಹಬ್ಬದ ಕಾಲಕ್ಕೆ ಆಳು ಸಾಲದೆ, 2008ರಲ್ಲಿ ಕಾನ್ಸಾಸ್ ರಾಜ್ಯದ ಕಾಫಿವಿಲ್ ಊರಿನ ಗೋದಾಮಿಗೆ ಆರ್‌ವಿಯಲ್ಲಿ ವಾಸಿಸುವವರನ್ನು ಕರೆಸಿಕೊಂಡಿತು. ಮುಂದೆ ಅದಕ್ಕೆ ಕ್ಯಾಂಪರ್‌ಫೋರ್ಸ್ ಎಂಬ ಹೆಸರಾಗಿ ಕೆಂಟಕಿಯ ಕ್ಯಾಂಬೆಲ್ಸ್‌ವಿಲ್, ನೆವಾಡಾದ ಫರ್ನ್‌ಲಿ ಮುಂತಾದ ಕಡೆಗಳಿಗೆ ಹಬ್ಬಿತು. ಆ ಕಾರ್ಯಕ್ರಮ ಈಗ ನಡೆಯುತ್ತಿಲ್ಲ, ನಾವು ದುಡಿದ ಜಾಗಕ್ಕೂ ಆ ಕಂಪನಿಗೂ ಸಂಬಂಧವಿಲ್ಲ. ಆದರೆ ಅಲ್ಲಿ ರೂಢಿಗೆ ಬಂದ ಕಟ್ಟಳೆಗಳು, ಅಂದರೆ ಜಾಗದ ಭತ್ಯೆ, ಕೊನೆಯ ದಿನದವರೆಗೆ ನಿಂತವರಿಗೆ ಗಂಟೆಗೊಂದು ಡಾಲರ್ ಬೋನಸ್, ಮೈ ಪಳಗಲೆಂದು ಮೊದಲ ವಾರ ಅರ್ಧ ಪಾಳಿ, ಇವೆಲ್ಲ ಬೇರೆಯವರ ಜಾಹೀರಾತುಗಳಲ್ಲೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತವೆ.

ಜಾಹೀರಾತಿನಲ್ಲಿ ನಮ್ಮನ್ನು ಸೆಳೆದದ್ದು ಮೂರು ಸಾಲು. ಗಂಟೆಗೆ 19 ಡಾಲರ್, ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು, "ಜಾಗ ಉಚಿತ". ಒಂದೂವರೆ ಪಟ್ಟು ಕೊಡುವುದು ಅವರ ಔದಾರ್ಯವೇನಲ್ಲ, 1938ರ ಕಾರ್ಮಿಕ ಕಾಯ್ದೆಯ ಕಟ್ಟಳೆ. ಉಚಿತ ಜಾಗದ ಮಾತೇ ಬೇರೆ. ಸೇರಿದ ಮೇಲೆ ತಿಳಿದದ್ದೇನೆಂದರೆ, ಒಂದು ಗಾಡಿಗೆ ವಾರಕ್ಕೆ 120 ಡಾಲರ್ ಭತ್ಯೆಯನ್ನು ಸಂಬಳದ ಜೊತೆ ಸೇರಿಸಿ ಕೊಡುತ್ತಾರೆ, ಗಾಡಿ ನಿಲ್ಲಿಸುವ ಪಾರ್ಕಿನ ಬಾಡಿಗೆ ನಾವೇ ಕಟ್ಟಬೇಕು, ವಿದ್ಯುತ್ತಿಗೆ ಬೇರೆ ಮೀಟರು. ಅಕ್ಟೋಬರ್ 4ರಿಂದ ಡಿಸೆಂಬರ್ 23ರವರೆಗೆ ಬಾಡಿಗೆಗೇ 1,840 ಡಾಲರ್ ಆಯಿತು. ಭತ್ಯೆ ಬಂದದ್ದು 1,320. ಅದಲ್ಲದೆ ಆ ಭತ್ಯೆಯೂ ವರ್ಷದ ಕೊನೆಗೆ ಗಳಿಕೆ ತಿಳಿಸುವ ಡಬ್ಲ್ಯೂ-2 ಪತ್ರದಲ್ಲಿ ಸಂಬಳವೆಂದೇ ಸೇರಿ ಬಂತು. ಯಜಮಾನರು ನಿಯಮ ಓದಿ ನೋಡಿದರು: ಮಾಲೀಕರು ಕೊಡುವ ವಸತಿಗೆ ತೆರಿಗೆ ಇಲ್ಲವೆನ್ನಬೇಕಾದರೆ ಅದು ಕೆಲಸದ ಆವರಣದಲ್ಲೇ ಇರಬೇಕು, ಅವರ ಅನುಕೂಲಕ್ಕಾಗಿಯೇ ಇರಬೇಕು, ಅಲ್ಲಿರುವುದು ಕೆಲಸದ ಷರತ್ತೇ ಆಗಿರಬೇಕು. ಹದಿನೆಂಟು ಮೈಲಿ ದೂರದ ಪಾರ್ಕಿಗೆ ಈ ಮೂರೂ ಹೊಂದುವುದಿಲ್ಲ. ಗೋದಾಮಿನವರು ತೆರಿಗೆಯ ವಿಷಯದಲ್ಲಿ ಮಾಡಿದ್ದು ಸರಿ. ಉಚಿತ ಎಂದು ಬರೆದದ್ದು ಮಾತ್ರ ತಪ್ಪು.

ಇನ್ನು ಚಳಿಯ ಮಾತು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇಪ್ಪತ್ತು ವರ್ಷ ಇದ್ದ ನಮಗೆ ನೆವಾಡಾ ಎಂದರೆ ಲಾಸ್ ವೇಗಾಸಿನ ಬಿಸಿಲು. ರೀನೋ ಕಡೆಯ ಮರುಭೂಮಿ ನಾಲ್ಕು ಸಾವಿರ ಅಡಿಗೂ ಎತ್ತರದಲ್ಲಿದೆ, ಸಿಯೆರಾ ನೆವಾಡಾ ಬೆಟ್ಟಸಾಲಿನ ಮಳೆನೆರಳಿನಲ್ಲಿ ಮಲಗಿದೆ. ಗಾಳಿ ಒಣ, ಆಕಾಶ ನಿಚ್ಚಳ, ಹಗಲಿನ ಬಿಸಿಯೆಲ್ಲ ಸಂಜೆಗೆ ಹಾರಿಹೋಗುತ್ತದೆ. ನವೆಂಬರ್ ನಡುವಿನಿಂದ ರಾತ್ರಿಯ ಉಷ್ಣಾಂಶ ಸೊನ್ನೆಗಿಂತ ಕೆಳಗೇ ಇತ್ತು. ಟ್ರೇಲರಿನ ಗೋಡೆ ಎರಡು ಅಂಗುಲ ದಪ್ಪ. ನೆಲದ ಕೆಳಗೆ ನೀರಿನ ಕೊಳವೆಗಳು ಗಾಳಿಗೆ ಮೈಯೊಡ್ಡಿಕೊಂಡಿರುತ್ತವೆ. ಒಂದು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ನಲ್ಲಿ ತಿರುಗಿಸಿದರೆ ಒಂದು ನಿಟ್ಟುಸಿರಿನಂಥ ಶಬ್ದ ಬಂತೇ ಹೊರತು ನೀರು ಬರಲಿಲ್ಲ. ಹೊರಗಿನ ಪೈಪು ಕಬ್ಬಿನ ಜಲ್ಲೆಯ ಹಾಗೆ ಸೆಟೆದು ನಿಂತಿತ್ತು. ಆ ದಿನ ಹಲ್ಲುಜ್ಜಿದ್ದು ಗೋದಾಮಿನ ಶೌಚಾಲಯದಲ್ಲಿ. ಮರುದಿನವೇ ಒಳಗೆ ಬಿಸಿತಂತಿ ಇರುವ ಪೈಪು ತಂದೆವು, ಟ್ರೇಲರಿನ ಸುತ್ತ ಕೆಳಭಾಗಕ್ಕೆ ಫೋಮಿನ ಹಲಗೆ ಕಟ್ಟಿದೆವು. ಎರಡಕ್ಕೂ ಸೇರಿ 290 ಡಾಲರ್. ಮುಂಭಾಗದಲ್ಲಿರುವ ಮೂವತ್ತು ಪೌಂಡಿನ ಎರಡು ಪ್ರೊಪೇನ್ ಸಿಲಿಂಡರುಗಳು ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬರುತ್ತಿದ್ದವು, ಡಿಸೆಂಬರಿನಲ್ಲಿ ವಾರಕ್ಕೇ ಖಾಲಿ. ಗ್ಯಾಸಿಗೆ ಒಟ್ಟು 390, ವಿದ್ಯುತ್ತಿಗೆ 310.

ವಿದ್ಯುತ್ತಿನದೂ ಒಂದು ಲೆಕ್ಕ. ನಮ್ಮ ಟ್ರೇಲರಿಗೆ ಬರುವುದು 30 ಆಂಪಿಯರ್, ಅಂದರೆ ಒಟ್ಟು 3,600 ವಾಟ್. ಹೀಟರಿಗೆ 1,500, ಇಂಡಕ್ಷನ್ ಒಲೆಗೆ 1,800. ಇವೆರಡೂ ಇದ್ದಾಗ ನೀರು ಕಾಯಿಸುವ ಸ್ವಿಚ್ಚನ್ನು ಮರೆತು ಹಾಕಿದರೆ ಎಲ್ಲವೂ ಒಟ್ಟಿಗೇ ಕತ್ತಲೆ. ದೋಸೆ ಬೇಕೋ ಬೆಚ್ಚಗಿರಬೇಕೋ ಎಂದು ಬೆಳಗ್ಗೆ ಐದಕ್ಕೆ ತೀರ್ಮಾನಿಸಬೇಕಾದ ಸ್ಥಿತಿ ಬಂದದ್ದು ಬದುಕಿನಲ್ಲಿ ಇದೇ ಮೊದಲು.

ಕೆಲಸದ ವಿಷಯಕ್ಕೆ ಬರುತ್ತೇನೆ. ನನಗೆ ಕೊಟ್ಟದ್ದು ಪಿಕಿಂಗ್, ಅಂದರೆ ಗ್ರಾಹಕರು ಕೇಳಿದ ಸಾಮಾನನ್ನು ಗೂಡುಗಳಿಂದ ಆಯ್ದು ಟೋಟ್ ಎಂಬ ಪ್ಲಾಸ್ಟಿಕ್ ತೊಟ್ಟಿಗೆ ಹಾಕುವುದು. ಯಜಮಾನರಿಗೆ ಬಂದ ಸಾಮಾನನ್ನು ಗೂಡಿನಲ್ಲಿಡುವ ಸ್ಟೋಯಿಂಗ್. ಪಾಳಿ ಬೆಳಗ್ಗೆ ಆರೂವರೆಯಿಂದ ಸಂಜೆ ಐದರವರೆಗೆ, ಭಾನುವಾರದಿಂದ ಬುಧವಾರದವರೆಗೆ. ನಡುವೆ ಅರ್ಧ ಗಂಟೆಯ ಊಟದ ಬಿಡುವಿಗೆ ಸಂಬಳವಿಲ್ಲ, ಹದಿನೈದು ನಿಮಿಷದ ಎರಡು ಬಿಡುವಿಗೆ ಇದೆ. ಕೈಯಲ್ಲಿರುವ ಸ್ಕ್ಯಾನರು ಮುಂದಿನ ಗೂಡಿನ ಸಂಖ್ಯೆ ತೋರಿಸುತ್ತದೆ, ಕೆಳಗೆ ಸೆಕೆಂಡುಗಳ ಪಟ್ಟಿಯೊಂದು ಕರಗುತ್ತಿರುತ್ತದೆ. ಹೋಗಿ, ಬಗ್ಗಿ, ಹುಡುಕಿ, ಸ್ಕ್ಯಾನ್ ಮಾಡಿ, ತೊಟ್ಟಿಗೆ ಹಾಕಿದರೆ ಮುಂದಿನದು. ಗಂಟೆಗೆ 90 ಆಗಬೇಕು ಎಂದಿದ್ದರು. ಮೂರನೆಯ ವಾರಕ್ಕೆ ನನಗೆ 82 ದಾಟಿತು, ಐದನೆಯ ವಾರ 94ಕ್ಕೆ ಹೋಯಿತು, ಆಮೇಲೆ ಎಡಮಂಡಿ ನೋಯತೊಡಗಿ 85ರ ಹತ್ತಿರ ನಿಂತಿತು. ಕೆಳಸಾಲಿನ ಗೂಡು ಬಂದಾಗಲೆಲ್ಲ ಕುಕ್ಕರಗಾಲಿನಲ್ಲಿ ಕೂತೇಳಬೇಕು. ಕೈಗಡಿಯಾರ ತೋರಿಸಿದಂತೆ ದಿನಕ್ಕೆ 14ರಿಂದ 16 ಕಿಲೋಮೀಟರ್ ನಡಿಗೆ, ಅಷ್ಟೂ ಕಾಂಕ್ರೀಟಿನ ಮೇಲೆ. ಮರುಭೂಮಿಯ ಒಣಗಾಳಿಗೆ ಕಬ್ಬಿಣದ ಕಪಾಟು ಮುಟ್ಟಿದಾಗಲೆಲ್ಲ ಬೆರಳ ತುದಿಗೆ ಚುರುಕ್ಕೆಂದು ವಿದ್ಯುತ್ತು ಹೊಡೆಯುತ್ತಿತ್ತು. ಮೊದಲ ವಾರ ಹೆದರಿಕೆಯಾಯಿತು, ಎರಡನೆಯ ವಾರ ಸಿಟ್ಟು ಬಂತು, ಆಮೇಲೆ ಅಭ್ಯಾಸವಾಯಿತು.

ಗೂಡುಗಳಲ್ಲಿ ಸಾಮಾನು ಇಡುವ ಕ್ರಮವನ್ನು ಮಾತ್ರ ಮೆಚ್ಚದೆ ಇರಲಾರೆ. ಸೋಪೆಲ್ಲ ಒಂದು ಕಡೆ, ಗೊಂಬೆಯೆಲ್ಲ ಒಂದು ಕಡೆ ಎಂಬ ವಿಂಗಡಣೆಯೇ ಅಲ್ಲಿಲ್ಲ. ಎಲ್ಲಿ ಜಾಗ ಖಾಲಿಯಿದೆಯೋ ಅಲ್ಲಿ ಕೈಗೆ ಬಂದದ್ದನ್ನು ಇಟ್ಟು ಸ್ಕ್ಯಾನ್ ಮಾಡುತ್ತಾರೆ. ಯಾವುದು ಎಲ್ಲಿದೆ ಎಂದು ನೆನಪಿಡುವುದು ಕಂಪ್ಯೂಟರಿನ ಕೆಲಸ. ಒಂದೇ ಬಗೆಯ ಹತ್ತು ಸಾಮಾನು ಒಂದೇ ಗೂಡಿನಲ್ಲಿದ್ದರೆ ಆಯುವವರಿಗೆ ಗೊಂದಲವಾಗುತ್ತದೆ, ಬೇರೆ ಬೇರೆಯವು ಒಟ್ಟಿಗಿದ್ದರೆ ಕಣ್ಣಿಗೆ ತಟ್ಟನೆ ಬೀಳುತ್ತದೆ. ಒಂದೇ ಸಾಮಾನು ಹತ್ತು ಕಡೆ ಹರಡಿಕೊಂಡಿರುವುದರಿಂದ, ಆಯುವವರು ಎಲ್ಲೇ ನಿಂತಿದ್ದರೂ ಹತ್ತಿರದಲ್ಲೊಂದು ಸಿಗುತ್ತದೆ. ನಮ್ಮ ಬೀದಿಯ ದಿನಸಿ ಅಂಗಡಿಯ ಶೆಟ್ಟರಿಗೆ ಇದನ್ನು ತೋರಿಸಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು, ಆಮೇಲೆ ಒಂದು ಗಂಟೆ ನೋಡಿ ಸುಮ್ಮನಾಗುತ್ತಿದ್ದರು. ಒಂದು ದಿನ ನಾಯಿಯ ಕೊರಳಪಟ್ಟಿಗೂ ಬಲ್ಬಿನ ಪೆಟ್ಟಿಗೆಗೂ ನಡುವೆ ಕೈಹಾಕಿ ಈಚೆ ತೆಗೆದದ್ದು ಒಂದು ಅಗರಬತ್ತಿಯ ಕಟ್ಟು. ತಿರುಗಿಸಿ ನೋಡಿದರೆ ವಿಳಾಸ ಮೈಸೂರು. ಪ್ಲಾಸ್ಟಿಕ್ ಸುತ್ತಿದ್ದರೂ ಮಲ್ಲಿಗೆಯ ವಾಸನೆ ಸಣ್ಣಗೆ ಬರುತ್ತಿತ್ತು. ಸ್ಕ್ಯಾನರಿನ ಪಟ್ಟಿ ಕರಗಿ ಕೆಂಪಾಗುವವರೆಗೂ ಅದನ್ನು ಹಿಡಿದುಕೊಂಡೇ ನಿಂತಿದ್ದೆ. ಆ ಗಂಟೆಯ ನನ್ನ ರೇಟು 71.

ರೇಟಿನ ಬಗ್ಗೆ ನನ್ನ ಆಕ್ಷೇಪ ಅದು ಹೆಚ್ಚೆಂಬುದಲ್ಲ. ಅದನ್ನು ಬರವಣಿಗೆಯಲ್ಲಿ ಯಾರೂ ಕೊಡಲಿಲ್ಲ. ತರಬೇತಿಯಲ್ಲಿ ಒಬ್ಬರು 80 ಎಂದರು, ಪಾಳಿಯ ಮೇಲ್ವಿಚಾರಕರು 90 ಎಂದರು, ಹಬ್ಬದ ವಾರಗಳಲ್ಲಿ ಗೋಡೆಯ ಮೇಲಿನ ಪರದೆಯಲ್ಲಿ 100 ಬಂತು. ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ, ದೊಡ್ಡ ಗೋದಾಮಿನವರು ಇಂಥ ಗುರಿಗಳನ್ನು ನೌಕರರಿಗೆ ಲಿಖಿತವಾಗಿ ತಿಳಿಸಬೇಕು, ಊಟಕ್ಕೂ ಶೌಚಕ್ಕೂ ಹೋಗಲು ಅಡ್ಡಿಯಾಗುವಂಥ ಗುರಿ ಇಡುವಂತಿಲ್ಲ. ಯಾವ ರಾಜ್ಯದಲ್ಲಿ ಸೇರುವವರಾದರೂ ಈ ಒಂದು ಪ್ರಶ್ನೆಯನ್ನು ಕೆಲಸ ಒಪ್ಪುವ ಮೊದಲೇ ಕೇಳುವುದು ಒಳ್ಳೆಯದು.

ದಿನದ ಕೊನೆಯ ಸರದಿಯ ಬಗ್ಗೆಯೂ ಹೇಳಬೇಕು. ಪಾಳಿ ಮುಗಿದು ಸಮಯ ದಾಖಲಿಸಿದ ಮೇಲೆ, ಕಳವು ತಡೆಯುವ ತಪಾಸಣೆಯ ಬಾಗಿಲು ದಾಟಿ ಹೊರಬರಲು ಸಾಮಾನ್ಯ ದಿನಗಳಲ್ಲಿ ಐದು ನಿಮಿಷ, ಹಬ್ಬದ ವಾರಗಳಲ್ಲಿ ಹದಿನೈದರಿಂದ ಇಪ್ಪತ್ತು. ಆ ನಿಮಿಷಗಳಿಗೆ ಸಂಬಳವಿಲ್ಲ. ಇದೇ ನೆವಾಡಾದ ಗೋದಾಮುಗಳಲ್ಲಿ ಅಮೆಜಾನಿಗಾಗಿ ದುಡಿಯುತ್ತಿದ್ದ ಏಜೆನ್ಸಿ ನೌಕರರು, ದಿನಕ್ಕೆ ಸುಮಾರು 25 ನಿಮಿಷ ಹೀಗೆ ಹೋಗುತ್ತದೆಂದು ದಾವೆ ಹೂಡಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದರು. ಇಂಟೆಗ್ರಿಟಿ ಸ್ಟಾಫಿಂಗ್ ಸೊಲ್ಯೂಷನ್ಸ್ ಮತ್ತು ಬಸ್ಕ್ ನಡುವಿನ ಆ ಮೊಕದ್ದಮೆಯಲ್ಲಿ 2014ರ ಡಿಸೆಂಬರಿನಲ್ಲಿ ಎಲ್ಲ ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದ್ದು, ತಪಾಸಣೆ ನೌಕರರನ್ನು ನೇಮಿಸಿಕೊಂಡ ಮುಖ್ಯ ಕೆಲಸವಲ್ಲ, ಆ ಕೆಲಸದಿಂದ ಬಿಡಿಸಲಾಗದ ಭಾಗವೂ ಅಲ್ಲ, ಆದ್ದರಿಂದ ಕೇಂದ್ರ ಕಾಯ್ದೆಯ ಪ್ರಕಾರ ಅದಕ್ಕೆ ಸಂಬಳ ಕೊಡಬೇಕಿಲ್ಲ ಎಂದು. ರಾಜ್ಯದ ಕಾನೂನಿನ ಪ್ರಶ್ನೆ ಬೇರೆಯೆಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ನೆವಾಡಾದವರ ದಾವೆಗೆ ಮತ್ತೆ ಜೀವ ಕೊಟ್ಟಿತು. ನ್ಯಾಯದ ಸೂಕ್ಷ್ಮ ನನಗೆ ತಿಳಿಯದು. ಆದರೆ ಕಾಲು ಸೋತ ಮೇಲೆ ನಿಂತೇ ಕಳೆಯುವ ಆ ಹದಿನೈದು ನಿಮಿಷ, ಕೆಲಸದ ಭಾಗವೇ ಅಲ್ಲ ಎಂದು ಯಾರಾದರೂ ಹೇಳಿದರೆ ಅವರನ್ನು ಆನ್‌ಲೈನ್ ಮಾರಾಟದ ಭರಾಟೆಯ ಸೈಬರ್ ಸೋಮವಾರದ ಸಂಜೆ ಆ ಸಾಲಿನಲ್ಲಿ ನಿಲ್ಲಿಸಿ ನೋಡಬೇಕು.

ನಮಗೆ ಆದ ನಿಜವಾದ ತೊಂದರೆ ಎರಡು. ಗಂಡಹೆಂಡಿರಿಗೆ ಒಂದೇ ಪಾಳಿ ಎಂದು ಏಜೆನ್ಸಿಯವರು ಫೋನಿನಲ್ಲಿ ಹೇಳಿದ್ದರು. ಎರಡನೆಯ ವಾರದ ಪಟ್ಟಿ ಬಂದಾಗ ನನಗೆ ಹಗಲು, ಅವರಿಗೆ ಬುಧವಾರದಿಂದ ಶನಿವಾರದವರೆಗೆ ರಾತ್ರಿ. ಇಪ್ಪತ್ತೈದು ಅಡಿಯ ಟ್ರೇಲರಿನಲ್ಲಿ ಒಬ್ಬರು ನಿದ್ದೆ ಮಾಡುವಾಗ ಇನ್ನೊಬ್ಬರು ಪಾತ್ರೆ ತೊಳೆಯುವಂತಿಲ್ಲ, ಇರುವುದು ಒಂದೇ ಪಿಕಪ್ ವಾಹನ. ಕಚೇರಿಗೆ ಹೋದರೆ, ಹಾಗೆಂದು ಕಾಗದದಲ್ಲಿ ಎಲ್ಲಿದೆ ತೋರಿಸಿ ಎಂದರು. ಕಾಗದದಲ್ಲಿ ಇರಲಿಲ್ಲ. ಮೂರನೆಯ ವಾರ ಅದು ಸರಿಹೋಯಿತು, ಅದೂ ನಮ್ಮ ಪಾಳಿಯ ಮೇಲ್ವಿಚಾರಕಿ ತಾನೇ ಮುಂದೆ ನಿಂತು ಮಾತಾಡಿದ್ದರಿಂದ. ಎರಡನೆಯದು ಬೋನಸ್ಸಿನ ಮಾತು. ಡಿಸೆಂಬರ್ 23ರವರೆಗೆ ನಿಂತವರಿಗೆ ಗಂಟೆಗೊಂದು ಡಾಲರ್ ಎಂದಿತ್ತು. 18ರ ಸಂಜೆ, ಆರ್ಡರುಗಳು ಇಳಿದಿವೆ, ನಾಳೆಯೇ ಕೊನೆ ಎಂದು ಹೇಳಿ ಕಳಿಸಿದರು. ಅವರೇ ಬಿಡುಗಡೆ ಮಾಡಿದರೆ ಬೋನಸ್ ಉಂಟೇ ಎಂಬುದಕ್ಕೆ ಮೂವರು ಮೂರು ಉತ್ತರ ಕೊಟ್ಟರು. ನಾಲ್ಕು ಇಮೇಲುಗಳಾದ ಮೇಲೆ ಜನವರಿಯ ನಡುವಿನಲ್ಲಿ ಹಣವೇನೋ ಬಂತು. ಬಾರದೆ ಹೋಗಿದ್ದರೆ ನಮಗೆ ಬೇಸರವಾಗುತ್ತಿತ್ತು ಅಷ್ಟೇ. ನಮ್ಮ ಎಡಗಡೆಯ ವ್ಯಾನಿನಲ್ಲಿದ್ದ ಹೆಂಗಸಿಗೆ ಜನವರಿಯ ಗಾಡಿ ವಿಮೆ ಅದರ ಮೇಲೆಯೇ ನಿಂತಿತ್ತು.

ಈ ವ್ಯತ್ಯಾಸವೇ ಇಡೀ ವಿಮರ್ಶೆಯ ತಿರುಳು ಎನ್ನಬಹುದು. ನಮಗೆ ಬೇ ಏರಿಯಾದ ಫ್ರೀಮಾಂಟಿನಲ್ಲಿ ಬಾಡಿಗೆಗೆ ಕೊಟ್ಟ ಮನೆಯಿದೆ, ಸಾಕೆನಿಸಿದರೆ ಎದ್ದು ಹೋಗಬಹುದಾಗಿತ್ತು. ಪಾರ್ಕಿನಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಆ ಚಕ್ರದ ಮನೆಯೇ ಮನೆ. ಬಲಗಡೆಯ ದಂಪತಿಗೆ ಎಪ್ಪತ್ತು ದಾಟಿತ್ತು. ಅವರು ಬೇಸಿಗೆಯಲ್ಲಿ ಅರಣ್ಯ ಇಲಾಖೆಯ ಕ್ಯಾಂಪ್‌ಗ್ರೌಂಡ್ ನೋಡಿಕೊಂಡು, ಅಕ್ಟೋಬರ್ ಮೊದಲಿಗೆ ಉತ್ತರ ಡಕೋಟಾ ಮತ್ತು ಮಿನೆಸೋಟಾ ನಡುವಿನ ರೆಡ್ ರಿವರ್ ಕಣಿವೆಯಲ್ಲಿ ಸಕ್ಕರೆ ಬೀಟ್ ಸುಗ್ಗಿಗೆ ಹೋಗಿ, ಅದು ಮುಗಿಸಿಕೊಂಡು ನವೆಂಬರಿಗೆ ಇಲ್ಲಿಗೆ ಬಂದಿದ್ದರು. ಬೀಟ್ ಕೆಲಸ ಹನ್ನೆರಡು ಗಂಟೆಯ ಪಾಳಿ, ಬಯಲು ಗಾಳಿ, ಕೆಸರು. ಗೆಡ್ಡೆ ರಾಶಿಯಲ್ಲಿ ಕೆಡುತ್ತದೆಂದು ಬಿಸಿಲು ಹೆಚ್ಚಾದರೂ ನಿಲ್ಲಿಸುತ್ತಾರೆ, ಹೆಪ್ಪುಗಟ್ಟಿದರೂ ನಿಲ್ಲಿಸುತ್ತಾರೆ. ಆದರೂ ಆ ಅಜ್ಜನ ತೀರ್ಪಿನಲ್ಲಿ ಬೀಟೇ ಮೇಲು: ಕೆಲವೇ ವಾರದಲ್ಲಿ ಮುಗಿಯುತ್ತದೆ, ಯಾರೂ ಸೆಕೆಂಡು ಎಣಿಸುವುದಿಲ್ಲ. ಜನವರಿಗೆ ಅವರ ದಾರಿ ಅರಿಜೋನಾದ ಕ್ವಾರ್ಟ್ಸ್‌ಸೈಟ್. ಅಲ್ಲಿನ ಸರ್ಕಾರಿ ಮರುಭೂಮಿ ಜಾಗದಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗಿನ ಇಡೀ ಹಂಗಾಮಿಗೆ ಆಗ 180 ಡಾಲರ್ ಕಟ್ಟಿದರೆ ಸಾಕಿತ್ತು, ಎರಡು ವಾರಕ್ಕಾದರೆ 40. ಅಜ್ಜಿ ತಮ್ಮ ಗಾಡಿಯಲ್ಲಿ ಬೇಯಿಸಿದ ಜೋಳದ ಬ್ರೆಡ್ಡನ್ನು ನಮಗೆ ತಂದುಕೊಡುತ್ತಿದ್ದರು, ನಾನು ಚಿತ್ರಾನ್ನ ಕೊಡುತ್ತಿದ್ದೆ. ಕರಿಬೇವನ್ನು ಒಂದೊಂದಾಗಿ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ, ಇದನ್ನು ತಿನ್ನಬೇಕೋ ಎಣಿಸಬೇಕೋ ಎಂದು ಕೇಳಿದ್ದರು. ಮೇಲೆ ಹೇಳಿದ ಅರ್ಧ ಅಂಕ ಇವರದು.

ದೀಪಾವಳಿ ಬಂದದ್ದು ಅಕ್ಟೋಬರ್ 31ರ ಗುರುವಾರ, ಅದೃಷ್ಟಕ್ಕೆ ನಮ್ಮ ರಜೆಯ ದಿನ. ಟ್ರೇಲರಿನ ನೀರು ಕಾಯಿಸುವ ಪಾತ್ರೆ ಆರು ಗ್ಯಾಲನ್ನಿನದು, ಅಂದರೆ ಸುಮಾರು 23 ಲೀಟರ್. ನರಕ ಚತುರ್ದಶಿಯ ಎಣ್ಣೆಸ್ನಾನ ಆ ನೀರಿನಲ್ಲಿ ಆಗಬೇಕು, ಹೋದ ನೀರು ನಲವತ್ತು ಗ್ಯಾಲನ್ನಿನ ತೊಟ್ಟಿಯಲ್ಲಿ ನಿಲ್ಲಬೇಕು. ಅವರ ತಲೆಗೆ ಎಣ್ಣೆ ಒತ್ತಿ ಮೊದಲು ಕಳಿಸಿದೆ. ನಲ್ಲಿ ತಿರುಗಿಸಿ, ನಿಲ್ಲಿಸಿ, ಸೀಗೆಪುಡಿ ಹಚ್ಚಿ, ಮತ್ತೆ ತಿರುಗಿಸಿ ಮುಗಿಸಿದರು. ನೀರು ಮತ್ತೆ ಕಾಯುವ ಅರ್ಧ ಗಂಟೆ ನಾನು ಎಣ್ಣೆತಲೆಯಲ್ಲಿ ಹೀಟರಿನ ಮುಂದೆ ಕುಳಿತಿದ್ದೆ. ಇದಕ್ಕೂ ಗೋದಾಮಿಗೂ ಏನು ಸಂಬಂಧ ಎಂದರೆ, ನಾಲ್ಕು ದಿನ ದುಡಿದು ಮೂರು ದಿನ ಬಿಡುವು ಎಂಬ ಏರ್ಪಾಡು ಕಾಗದದ ಮೇಲೆ ಎಷ್ಟು ಚೆಂದವೋ ನಿಜದಲ್ಲಿ ಆ ಮೂರು ದಿನ ಹೋಗುವುದು ಹೀಗೆಯೇ: ತೊಟ್ಟಿ ಖಾಲಿ ಮಾಡುವುದು, ಗ್ಯಾಸ್ ತುಂಬಿಸುವುದು, ಬಟ್ಟೆ ಒಗೆಯಲು ಕ್ವಾರ್ಟರ್ ನಾಣ್ಯ ಕೂಡಿಸುವುದು, ಮಂಡಿಗೆ ಬಿಸಿನೀರಿನ ಚೀಲ ಒತ್ತುವುದು. ಡಿಸೆಂಬರಿನಲ್ಲಿ ಗುರುವಾರವೂ ಕಡ್ಡಾಯ ಪಾಳಿಯಾಗಿ ಅದು ಎರಡು ದಿನಕ್ಕೆ ಇಳಿಯಿತು.

ಈಗ ಒಟ್ಟು ಲೆಕ್ಕ, ನನ್ನೊಬ್ಬಳದು. ಅರ್ಧ ಪಾಳಿಯ ಮೊದಲ ವಾರದ 20 ಗಂಟೆ, ಆಮೇಲೆ 40 ಗಂಟೆಯ ಏಳು ವಾರ, 50 ಗಂಟೆಯ ಮೂರು ವಾರ. ಸೇರಿ 450 ಗಂಟೆ. ಹೆಚ್ಚುವರಿ ದುಡಿಮೆ ಸೇರಿಸಿ ಸಂಬಳ 8,835 ಡಾಲರ್, ಬೋನಸ್ 450, ಒಟ್ಟು 9,285. ಅದರಲ್ಲಿ ಸೋಷಿಯಲ್ ಸೆಕ್ಯುರಿಟಿಗೂ ಮೆಡಿಕೇರ್ ಎಂಬ ಹಿರಿಯರ ಆರೋಗ್ಯ ವಿಮೆಗೂ ನೂರಕ್ಕೆ 7.65ರಂತೆ 710 ಹೋಯಿತು. ನೆವಾಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಬಾಡಿಗೆ, ವಿದ್ಯುತ್ತು, ಗ್ಯಾಸು, ಪೈಪು, ಫೋಮು ಸೇರಿ 2,830 ಡಾಲರಿನಲ್ಲಿ ಭತ್ಯೆ ಕಳೆದು ಉಳಿದ 1,510ರ ಅರ್ಧ ನನ್ನ ಪಾಲು. ಕೈಯಲ್ಲಿ ಉಳಿದದ್ದು ಸುಮಾರು 7,820, ಅದೂ ಕೇಂದ್ರದ ಆದಾಯ ತೆರಿಗೆಗೆ ಮುಂಚೆ. ಊಟದ ಬಿಡುವು, ಐವತ್ತು ನಿಮಿಷದ ಹೋಗಿಬರುವ ದಾರಿ, ತಪಾಸಣೆಯ ಸಾಲು ಸೇರಿಸಿದರೆ ನಾನು ಕೊಟ್ಟ ಸಮಯ ಸುಮಾರು 520 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು 15 ಡಾಲರ್. ಜಾಹೀರಾತಿನ 19ಕ್ಕೂ ಇದಕ್ಕೂ ಇರುವ ಅಂತರವನ್ನು ಯಾರೂ ಕದ್ದಿಲ್ಲ, ಎಲ್ಲವೂ ನ್ಯಾಯವಾಗಿಯೇ ಸೋರಿಹೋಗಿದೆ. ಪಿಕಪ್ಪಿನ ಪೆಟ್ರೋಲನ್ನೂ ಮಂಡಿಯ ಎಕ್ಸ್‌ರೇಯನ್ನೂ ನಾನು ಸೇರಿಸಿಲ್ಲ.

ನನ್ನ ನಾಲ್ಕು ಕ್ರೆಡಿಟ್ ಮಾತ್ರ ಬಂದವು. ಡಿಸೆಂಬರ್ ಮೊದಲ ವಾರದ ದುಡಿಮೆಯೂ ಸೇರುವ ಹೊತ್ತಿಗೆ 6,920ರ ಅಂಚಿಗೆ ಬಂದಿದ್ದೆ, ಎರಡನೆಯ ವಾರ ಅದು ದಾಟಿತು. ಆ ದಿನ ಊಟದ ಬಿಡುವಿನಲ್ಲಿ ಯಜಮಾನರು ಯಂತ್ರದಿಂದ ಒಂದು ಚಾಕಲೇಟು ತೆಗೆದುಕೊಟ್ಟು, "ಇನ್ನು ನೀವು ಪಿಂಚಣಿದಾರರು" ಎಂದು ಬಹುವಚನದಲ್ಲಿ ಮಾತಾಡಿಸಿದರು.

ಇದನ್ನು ಓದಿ ಹೋಗಬೇಕೆನಿಸುವ ಕನ್ನಡದವರಿಗೆ ಒಂದೆರಡು ಮಾತು. ಎಚ್-1ಬಿ ವೀಸಾದವರು ತಮ್ಮ ಪ್ರಾಯೋಜಕ ಕಂಪನಿ ಬಿಟ್ಟು ಇಂಥ ಕಡೆ ಒಂದು ದಿನವೂ ದುಡಿಯುವಂತಿಲ್ಲ. ಮಕ್ಕಳ ಮನೆಗೆಂದು ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರಿಗಂತೂ ಸುತರಾಂ ಇಲ್ಲ. ಪೌರತ್ವವೋ ಗ್ರೀನ್ ಕಾರ್ಡೋ ದುಡಿಯುವ ಪರವಾನಗಿಯೋ ಇರಬೇಕು, ಸೇರುವಾಗಲೇ ಐ-9 ಪತ್ರ ತುಂಬಿಸಿ ದಾಖಲೆ ನೋಡುತ್ತಾರೆ. 62ನೇ ವಯಸ್ಸಿಗೇ ಸೋಷಿಯಲ್ ಸೆಕ್ಯುರಿಟಿ ತೆಗೆದುಕೊಳ್ಳಲು ಆರಂಭಿಸಿದವರು ಗಳಿಕೆಯ ಮಿತಿಯನ್ನು ನೋಡಿಕೊಳ್ಳಬೇಕು. ಪೂರ್ಣ ನಿವೃತ್ತಿ ವಯಸ್ಸು ತಲುಪದವರಿಗೆ 2024ರಲ್ಲಿ ಅದು 22,320 ಡಾಲರ್ ಇತ್ತು, ಮೀರಿದ ಪ್ರತಿ ಎರಡು ಡಾಲರಿಗೆ ಒಂದನ್ನು ತಡೆಹಿಡಿಯುತ್ತಿದ್ದರು. ಒಂದೇ ಹಂಗಾಮಿಗೆ ಅಷ್ಟಾಗುವುದಿಲ್ಲ, ವರ್ಷವಿಡೀ ಕೆಲಸದಿಂದ ಕೆಲಸಕ್ಕೆ ತಿರುಗುವವರಿಗೆ ಆಗುತ್ತದೆ. ನಲವತ್ತರ ಆಸುಪಾಸಿನವರು, ಮಂಡಿ ಗಟ್ಟಿಯಿರುವವರು, ಮುಂದಿನ ತಿಂಗಳ ಖರ್ಚಿಗೆ ಇದನ್ನೇ ನೆಚ್ಚಿಕೊಳ್ಳದವರು ಒಂದು ಹಂಗಾಮು ಮಾಡಿ ನೋಡಬಹುದು. ಇದನ್ನೇ ನೆಚ್ಚಿಕೊಳ್ಳಬೇಕಾದವರಿಗೆ, ಭತ್ಯೆ ಕೊಡುವ ಕಡೆಗಿಂತ ಪಾರ್ಕಿನ ಬಾಡಿಗೆಯನ್ನು ಮಾಲೀಕರೇ ನೇರವಾಗಿ ಕಟ್ಟುವ ಕಡೆ ಹುಡುಕಿ ಎನ್ನುತ್ತೇನೆ, ಮತ್ತು ಚಳಿ ಕಡಿಮೆಯಿರುವ ರಾಜ್ಯವನ್ನು ಆರಿಸಿ.

ಡಿಸೆಂಬರ್ 23ರ ಬೆಳಗ್ಗೆ ಫೋಮಿನ ಹಲಗೆ ಬಿಚ್ಚಿ ಪಕ್ಕದ ಅಜ್ಜನಿಗೆ ಕೊಟ್ಟು, ಹೆಪ್ಪುಗಟ್ಟಿದ ಒಳಚರಂಡಿ ಕೊಳವೆಗೆ ಬಿಸಿನೀರು ಸುರಿದು ಬಿಡಿಸಿ, 7,200 ಅಡಿ ಎತ್ತರದ ಡಾನರ್ ಕಣಿವೆದಾರಿಯಲ್ಲಿ ಹಿಮವಿಲ್ಲವೆಂದು ಎರಡೆರಡು ಸಲ ಖಚಿತಪಡಿಸಿಕೊಂಡು ಹೊರಟೆವು. ಮಾರ್ಚಿನಲ್ಲಿ ಏಜೆನ್ಸಿಯವರಿಂದ ಪತ್ರ ಬಂತು: ಮುಂದಿನ ಹಂಗಾಮಿಗೆ ಮತ್ತೆ ಬರುವಿರಾ? ಯಜಮಾನರು ಬರುತ್ತೇವೆಂದು ಒತ್ತಲು ಬೆರಳು ಚಾಚಿದ್ದರು. ನಾನು ಫೋನು ಇಸಿದುಕೊಂಡು ಮೂರು ಪ್ರಶ್ನೆ ಬರೆದೆ: ಇಬ್ಬರಿಗೂ ಒಂದೇ ಪಾಳಿಯೇ, ಗಂಟೆಗೆ ಎಷ್ಟು ಸಾಮಾನು ಆಯಬೇಕು, ನೀವೇ ಮೊದಲು ಕಳಿಸಿದರೆ ಬೋನಸ್ ಉಂಟೇ. ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಬೇಕು ಎಂದೂ ಸೇರಿಸಿದೆ. ಎರಡಕ್ಕೆ ಬಂದಿದೆ.